ದೊಡ್ಡಮ್ಮನ ಓಟು

ಈ ಸಲದ ಪಂಚಾಯಿತಿ ಚುನಾವಣೆಯಲ್ಲಿ ನನಗೆ ತಿಪ್ಪಸಂದ್ರದ ಕಡೆಯ ಮತಗಟ್ಟೆ ಬಿದ್ದಿತ್ತು. ಮತದಾನ ಮುಗಿದು, ಪೆಟ್ಟಿಗೆಗೆ ಮುದ್ರೆ ಹಾಕಲೆಂದು ಜೊತೆಯ ಮೇಷ್ಟರು ಮೇಣದಬತ್ತಿಯ ಉರಿಗೆ ಕೆಂಪು ಅರಗು ಹಿಡಿದರು. ಅದು ಕರಗಿ ತೊಟ್ಟಿಕ್ಕಿದ್ದೇ ತಡ, ಒಣಮರ, ಬೆಲ್ಲದ ಪಾಕ, ಸೀದ ಕೂದಲು ಎಲ್ಲ ಬೆರೆತಂಥ ಆ ಹಳೆಯ ವಾಸನೆ ಮೂಗಿಗೆ ಬಡಿಯಿತು. ಚನ್ನಪಟ್ಟಣದ ನಮ್ಮ ಕೂಡುಮನೆ, ಅದರ ಹಿಂದಿನ ಕೊಟ್ಟಿಗೆ, ಅಲ್ಲಿ ಗೊಂಬೆಯ ಮರ ಕಡೆಯಲು ತಿರುಗುವ ಲೇತು, ಲೇತಿನ ಮುಂದೆ ಬೆನ್ನು ಬಾಗಿಸಿ ಬಣ್ಣದ ಅರಗಿನ ಕಡ್ಡಿಯನ್ನು ಮರಕ್ಕೆ ಒತ್ತುತ್ತಿದ್ದ ದೊಡ್ಡಮ್ಮ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ಆ ಮನೆ ಪಾಲಾಗಿ, ಕೊಟ್ಟಿಗೆ ಕೆಡವಿ, ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ದೊಡ್ಡಮ್ಮ ಹೋಗಿ ಆರು ವರ್ಷವಾಯಿತು.

ಕೆಲಸ ಮುಗಿಸಿ ಮಾಗಡಿಗೆ ಬಂದು ಫೋನು ತೆರೆದರೆ, ನಮ್ಮ ಮನೆಯ ಮಕ್ಕಳ ಗುಂಪಿನಲ್ಲಿ ಇನ್ನೊಂದು ಚುನಾವಣೆ ನಡೆದಿತ್ತು. ಯಾವುದೋ ಚಾನೆಲ್ಲಿನವರು, ಟಿ.ವಿ.ಯಲ್ಲಿ ಇದುವರೆಗೆ ಬಂದದ್ದರಲ್ಲಿ ಅತಿ ಒಳ್ಳೆಯ ಧಾರಾವಾಹಿ ಯಾವುದು, ಮರೆಯಲಾಗದ ದೃಶ್ಯ ಯಾವುದು ಎಂದು ಪ್ರೇಕ್ಷಕರ ಓಟು ಕೇಳಿದ್ದರು. ಅದಕ್ಕೆ ನಮ್ಮವರೆಲ್ಲ ಕೋಳಿಜಗಳಕ್ಕೆ ಬಿದ್ದಿದ್ದರು. ಕೊನೆಗೆ ದೊಡ್ಡಮ್ಮನ ಮಗ ಶಿವಣ್ಣ ತೀರ್ಪು ಕೊಟ್ಟಂತೆ ಬರೆದಿದ್ದ: "ವಾರಿಜ ಅವ್ಳತ್ತೆ ಕಾಲಿಗೆ ಬೀಳೋ ಸೀನ್‌ಗೆ ಎಲ್ರೂ ಹಾಕ್ರಪ್ಪ. ಅವ್ವಂಗೂ ಅದೇ ಇಷ್ಟ ಇತ್ತು. ಅವ್ವನ ಹೆಸ್ರಲ್ಲಿ ಹಾಕಿ." ನನಗೆ ಕೂತಲ್ಲೇ ಮೈ ಉರಿಯಿತು. ಇದನ್ನು ನಿಲ್ಲಿಸಲೇಬೇಕು ಎಂದುಕೊಂಡೆ. ನಿಲ್ಲಿಸಬೇಕಾದರೆ ಮೂವತ್ತು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ಒಂದು ಸುಳ್ಳನ್ನು ಹೊರಗೆ ಹಾಕಬೇಕಿತ್ತು.

ನಮ್ಮ ಟಿ.ವಿ. ನಡುಮನೆಯಲ್ಲಿತ್ತು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದೀತು, ಎರಡು ಮರದ ಬಾಗಿಲಿನ ಪೆಟ್ಟಿಗೆಯೊಳಗೆ ದೇವರ ಹಾಗೆ ಕೂತಿದ್ದು. ಕರೆಂಟು ಇದ್ದ ಹೊತ್ತಿಗೇ ಟಿ.ವಿ., ಕರೆಂಟು ಇದ್ದ ಹೊತ್ತಿಗೇ ಲೇತು. ಹಾಗಾಗಿ ಮನೆಮಂದಿಯೆಲ್ಲ ಧಾರಾವಾಹಿಯ ಮುಂದೆ ಕೂತಾಗ ದೊಡ್ಡಮ್ಮ ಕೊಟ್ಟಿಗೆಯಲ್ಲಿ ಬುಗುರಿ, ಗಿಲಕಿ, ಮಣಿ ಕಡೆಯುತ್ತಿದ್ದಳು. ಉಳಿ ಹಿಡಿದವರು ಕಣ್ಣು ಎತ್ತುವಂತಿಲ್ಲ, ಎತ್ತಿದರೆ ಬೆರಳು ಹೋಯಿತು. ಅವಳಿಗೆ ಕೇಳಲೆಂದು ಟಿ.ವಿ.ಯ ಸದ್ದು ಪೂರ್ತಿ ಏರಿಸಿರುತ್ತಿದ್ದೆವು. ಮಾತಿದ್ದಷ್ಟು ಹೊತ್ತು ಅವಳಿಗೆ ತೊಂದರೆಯಿಲ್ಲ. ಮಾತು ನಿಂತು ಬರೀ ಪಿಟೀಲು ಕುಯ್ಯತೊಡಗಿದರೆ, "ಈಗ ಏನ್ ಮಾಡ್ತಾವ್ಳೆ, ಒಸಿ ಯೋಳು ಮಗಾ" ಎನ್ನುವಳು. ನಡುಮನೆಗೂ ಕೊಟ್ಟಿಗೆಗೂ ನಡುವಿನ ಹೊಸ್ತಿಲ ಮೇಲೆ ಕೂತು, ಅತ್ತ ನೋಡಿ ಇತ್ತ ಹೇಳುವುದು ನನ್ನ ಕೆಲಸ. ಎಂಟು ವರ್ಷದ ನನಗೆ ಆ ಕೆಲಸದ ಜಂಬ ತಹಸೀಲ್ದಾರರಿಗೂ ಇರಲಾರದು.

ವಾರಿಜ ಎಂಬ ಸೊಸೆಯ ಧಾರಾವಾಹಿ ವರ್ಷಗಟ್ಟಲೆ ಬಂತು. ಅತ್ತೆ ಅವಳ ಮೇಲೆ ಕಳ್ಳತನ ಹೊರಿಸಿದಳು, ಗಂಡ ಬಾಯಿ ಬಿಡಲಿಲ್ಲ. ಕಡೆಯ ಕಂತಿನ ದಿನ, ಕಳ್ಳಿ ಅವಳಲ್ಲ ಎಂದು ಎಲ್ಲರಿಗೂ ಗೊತ್ತಾದ ಗಳಿಗೆಯಲ್ಲಿ ಮಾತು ನಿಂತು ಪಿಟೀಲು ಶುರುವಾಯಿತು. ಹಿಂದೆ ಲೇತೂ ನಿಂತಿತು. ಧಾರಾವಾಹಿಗೆಂದು ದೊಡ್ಡಮ್ಮ ಲೇತು ನಿಲ್ಲಿಸಿದ್ದು ಅದೊಂದೇ ಸಲ. "ಏನ್ ಮಾಡುದ್ಲು ಮಗಾ?" ಎಂದಳು. ಪರದೆಯ ಮೇಲೆ ವಾರಿಜ ಅತ್ತೆಯ ಕಾಲು ಹಿಡಿದು ಅಳುತ್ತಿದ್ದಳು. ತಪ್ಪು ಮಾಡದವಳೇ ಕಾಲಿಗೆ ಬಿದ್ದಿದ್ದು ಕಂಡು ನನಗೆ ಎಲ್ಲಿಲ್ಲದ ಸಿಟ್ಟು ಬಂತು. ದೊಡ್ಡಮ್ಮನ ಮುಖ ನೋಡಿದರೆ ಹೇಳಲು ಬಾಯಿ ಬರಲಿಲ್ಲ. "ಬೀಗದ ಗೊಂಚಲು ಅತ್ತೆ ಮುಂದೆ ಎಸೆದ್ಲು ದೊಡ್ಡಮ್ಮ. ಸೆರಗು ಸಿಕ್ಕಿಸ್ಕೊಂಡು ಮನೆ ಬುಟ್ಟು ಹೊಂಟೇ ಹೋದ್ಲು, ತಿರುಗಿ ಕೂಡ ನೋಡ್ಲಿಲ್ಲ" ಎಂದುಬಿಟ್ಟೆ. ದೊಡ್ಡಮ್ಮ ಬಣ್ಣ ಮೆತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸುಮಾರು ಹೊತ್ತು ಕೂತಳು. ಅವಳ ಮುಖದಲ್ಲಿ ಅಂಥ ನಗುವನ್ನು ನಾನು ಮುಂಚೆ ಕಂಡಿರಲಿಲ್ಲ.

ವರ್ಷಕ್ಕೊಂದು ಸಲ, ಯುಗಾದಿಯ ಮಧ್ಯಾಹ್ನ, ಧಾರಾವಾಹಿಗಳಲ್ಲಿ ಆ ವರ್ಷ ಕಂಡ ಒಳ್ಳೆಯ ದೃಶ್ಯ ಯಾವುದೆಂದು ನಮ್ಮ ಮನೆಯಲ್ಲಿ ಓಟು ನಡೆಯುತ್ತಿತ್ತು. ಒಂದೊಂದು ದೃಶ್ಯಕ್ಕೆ ಒಂದೊಂದು ತೆಂಗಿನ ಚಿಪ್ಪು, ತಲೆಗೊಂದು ಮಣಿ. ಯಾವ ದೃಶ್ಯಕ್ಕೆಂದು ಬಾಯಲ್ಲಿ ಹೇಳಿ ಚಿಪ್ಪಿಗೆ ಮಣಿ ಹಾಕಬೇಕು, ಹಾಕಿದ ಮೇಲೆ ಜಗಳಕ್ಕೆ ಅಡ್ಡಿಯಿಲ್ಲ. ದೊಡ್ಡಮ್ಮ ಯಾವತ್ತೂ ಓಟು ಹಾಕಿದವಳಲ್ಲ. ಆ ಯುಗಾದಿಗೆ ಮಾತ್ರ ಸೀರೆಗೆ ಕೈ ಒರೆಸಿಕೊಳ್ಳುತ್ತಾ ನಡುಮನೆಗೆ ಬಂದಳು. "ನಂದೂ ಒಂದಿರ್ಲಿ. ವಾರಿಜ ಬೀಗದ ಕೈ ಎಸ್ದು ಹೊಂಟೋದ್ಲಲ್ಲ, ಅದ್ಕೆ" ಎಂದು ಖಾಲಿ ಚಿಪ್ಪೊಂದಕ್ಕೆ ಮಣಿ ಹಾಕಿದಳು. ಎಲ್ಲರೂ ಮನೆಯೇ ಹಾರಿಹೋಗುವಂತೆ ನಕ್ಕರು. ಅಜ್ಜಿಗಂತೂ ಸೊಸೆ ಕಾಲಿಗೆ ಬಿದ್ದದ್ದೇ ಪರಮಾನ್ನವಾಗಿತ್ತು. "ಹಂಗೆ ಆಗೇ ಇಲ್ವಲ್ಲೇ! ಕಣ್ಣಲ್ಲಿ ಕಾಣ್ದೋಳಿಗೆ ಎಂಥ ಓಟು?" ಎಂದು ದೊಡ್ಡಪ್ಪ ಚಿಪ್ಪಿನಿಂದ ಮಣಿ ತೆಗೆದು ಅವಳ ಕೈಗೇ ಕೊಟ್ಟರು.

ದೊಡ್ಡಮ್ಮ ನನ್ನ ಕಡೆ ಒಂದು ಸಲ ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳಿಗೆ ಎಲ್ಲ ತಿಳಿದುಹೋಯಿತು. ನನ್ನ ಹೆಸರು ಹೇಳಿದ್ದರೆ ನಗು ನನ್ನ ಕಡೆ ತಿರುಗುತ್ತಿತ್ತು, ಜೊತೆಗೆ ಅಪ್ಪನಿಂದ ನಾಲ್ಕು ಏಟೂ ಬೀಳುತ್ತಿತ್ತು. ಅವಳು ಹೇಳಲಿಲ್ಲ. "ಇರ್ಬೌದು ಬುಡಿ, ನಾನೇ ಏನೋ ಅನ್ಕಂಡ್ಬುಟ್ಟೆ" ಎಂದು ಕೊಟ್ಟಿಗೆಗೆ ಹೋದಳು. ಆಮೇಲೆ ಎಷ್ಟು ಯುಗಾದಿ ಬಂದರೂ ಓಟಿಗೆ ಬರಲಿಲ್ಲ. ನನ್ನನ್ನು ಒಂದು ಮಾತೂ ಬೈಯಲಿಲ್ಲ, ಕೇಳುವುದನ್ನೂ ಬಿಡಲಿಲ್ಲ. ನಾನೋ ಹೆದರಿ, ಅಂದಿನಿಂದ ಇದ್ದದ್ದನ್ನು ಇದ್ದ ಹಾಗೇ ಹೇಳತೊಡಗಿದೆ. ಒಂದು ದಿನ ಅವಳು ಕೇಳಿದಳು: "ಯಾಕ್ ಮಗಾ, ಈಚೀಚೆಗೆ ಎಲ್ರೂ ಬರೀ ಅಳ್ತಾನೇ ಅವ್ರಲ್ಲ?"

ಮಾರನೆಯ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಶಿವಣ್ಣನಿಗೆ ಫೋನು ಮಾಡಿದೆ. "ಅಣ್ಣ, ದೊಡ್ಡಮ್ಮನ ಹೆಸ್ರಲ್ಲಿ ಆ ಓಟು ಹಾಕಿಸ್ಬೇಡ" ಎಂದು ಶುರುಮಾಡಿ, ಎಲ್ಲಿಯೂ ನಿಲ್ಲಿಸದೆ ಎಲ್ಲ ಹೇಳಿದೆ. ನಿಲ್ಲಿಸಿದ್ದರೆ ಮತ್ತೆ ಹೇಳಲಾಗುತ್ತಿರಲಿಲ್ಲ. ಬೈಯಲಿ, ಇವತ್ತು ಬೈಸಿಕೊಂಡೇ ಏಳುತ್ತೇನೆ ಎಂದು ಕಾದೆ.

"ಅವ್ವ ಅದೇ ಸೀನ್ ತಪ್ಪಾಗಿ ಹೇಳ್ತಾವ್ಳೆ ಅನ್ಕಂಡು, ಅವತ್ತು ಎಲ್ರಿಗಿಂತ ಜೋರಾಗಿ ನಕ್ಕಿದ್ದು ನಾನು ಕಣೆ" ಎಂದ ಶಿವಣ್ಣ.

ಸ್ವಲ್ಪ ಹೊತ್ತಿಗೆ ಗುಂಪಿನಲ್ಲಿದ್ದ ಅವನ ಹಳೆಯ ಮಾತು ಅಳಿಸಿಹೋಯಿತು. ಅದರ ಕೆಳಗೆ ಹೊಸದು ಬಂತು: "ಅವ್ವನ ಓಟು ಅದಕ್ಕಲ್ಲ. ವಾರಿಜ ಮನೆ ಬುಟ್ಟು ಹೋಗಿದ್ದಕ್ಕೆ. ಅವ್ವ ಹಾಕಿದ್ಲು, ನಾವು ತೆಗೆದ್ವಿ." ಚಾನೆಲ್ಲಿನ ಪಟ್ಟಿಯಲ್ಲಿ ಅಂಥ ದೃಶ್ಯವಿಲ್ಲ, ಇರಲು ಸಾಧ್ಯವೂ ಇಲ್ಲ. ಅವರ ಎಣಿಕೆ ಅವರಿಗಿರಲಿ. ನನ್ನ ಸಂಕಟ ಬೇರೆ. ನಾನು ಹೇಳಿದ್ದು ಎರಡು ನಿಮಿಷದ ಮಾತು. ಆ ಮಾತು ಹೇಳಲು ನನಗೆ ದೊಡ್ಡಮ್ಮ ಬದುಕಿದ್ದ ಅಷ್ಟೂ ವರ್ಷ ಸಮಯವಿತ್ತು.