ಹೆಬ್ಬೆರಳಿಗೆ ಗೊತ್ತಿಲ್ಲದ ಹಸಿರು ಟಿಕ್

ಕಳೆದ ಸೋಮವಾರ ಒಂದು ಕಾಲಿಗೆ ಶೂ, ಇನ್ನೊಂದು ಕಾಲಿಗೆ ಬಾತ್‌ರೂಮ್ ಚಪ್ಪಲಿ ಹಾಕಿಕೊಂಡು ರಾಯಾಪುರದ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ ತೋಳು ಹಿಡಿದ ಹೆಂಡತಿ. ನೋಡಿದವರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಕೆಟ್ಟದ್ದು ತಲೆಯಲ್ಲ, ಬಲಗಾಲಿನ ಹೆಬ್ಬೆರಳು.

ಗೌಟ್. (ರಾಜ ಮಹಾರಾಜರ ರೋಗವಂತೆ. ಅರಮನೆ ಬರಲಿಲ್ಲ, ರೋಗ ಮಾತ್ರ ಬಂತು.) ಯೂರಿಕ್ ಆಸಿಡ್ ಹೆಚ್ಚಾಗಿ, ಹರಳುಗಟ್ಟಿ ಕೀಲಿನಲ್ಲಿ ಕೂರುತ್ತದೆ. ಆಗ ಬೆರಳಿಗೆ ಫ್ಯಾನಿನ ಗಾಳಿ ತಾಗಿದರೂ ಜೀವ ಹೋಗುತ್ತದೆ.

ಎರಡು ತಿಂಗಳ ಹಿಂದೆ ಮೊದಲ ಸಲ ಬಂದಾಗ ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದುಕೊಟ್ಟಿದ್ದರು. ನೋವು ಹೋದರೂ ಬಿಡಬಾರದು ಎಂದಿದ್ದರು. "ಮೊಬೈಲಿನ್ಯಾಗ ಒಂದು ಆಪ್ ಹಾಕ್ಕೊಳ್ರಿ ಸರ, ಅದು ನೆನಪು ಮಾಡ್ತದ" ಎಂದೂ ಹೇಳಿದ್ದರು.

ಆಪ್ ಬಹಳ ಮರ್ಯಾದಸ್ಥ. ದಿನಾ ಬೆಳಿಗ್ಗೆ ಒಂಬತ್ತಕ್ಕೆ, "ಗುಳಿಗೆ ತೆಗೆದುಕೊಂಡಿರಾ?" ಎಂದು ಕೇಳುತ್ತಿತ್ತು. ಕೆಳಗೆ ಎರಡು ಬಟನ್: ಆಯಿತು, ಇಲ್ಲ.

ನೀವೇ ಹೇಳಿ, ಧಾರವಾಡದಲ್ಲಿ ಹುಟ್ಟಿ ಬೆಳೆದವನು ಏನು ಒತ್ತಬೇಕು? ನಮ್ಮಲ್ಲಿ ಯಾರ ಮನೆಗೆ ಹೋದರೂ "ಊಟ ಆತೇನ್ರಿ?" ಎನ್ನುತ್ತಾರೆ. ಹೊಟ್ಟೆ ತಾಳ ಹಾಕುತ್ತಿದ್ದರೂ "ಆತ್ರಿ, ಈಗಷ್ಟ ಆತು" ಎನ್ನುತ್ತೇವೆ. ಪ್ರೀತಿಯಿಂದ ವಿಚಾರಿಸಿದವರಿಗೆ ಇಲ್ಲ ಎನ್ನುವುದುಂಟೇ?

ನಾನು "ಆಯಿತು" ಒತ್ತಿದೆ. ನೋವು ಹೋಗಿತ್ತು, ನೋವಿಲ್ಲದ ಮೇಲೆ ಗುಳಿಗೆ ಯಾಕೆ? ಆದರೆ ಪಾಪ, ಕೇಳಿದ ಆಪ್‌ಗೆ ಬೇಸರವಾಗಬಾರದಲ್ಲ. ಅದು ಹಸಿರು ಟಿಕ್ ಹಾಕಿ ಶಭಾಷ್ ಅನ್ನುತ್ತಿತ್ತು. ನೀರು ಕುಡಿದಿರಾ? ಆಯಿತು. ವಾಕಿಂಗ್? ಆಯಿತು. (ಮಿರ್ಚಿ ಅಂಗಡಿಯವರೆಗೆ.) ಈ ವಯಸ್ಸಿನಲ್ಲಿ ನನಗೆ ದಿನಾ ಶಭಾಷ್ ಅನ್ನುವವರು ಬೇರೆ ಯಾರಿದ್ದಾರೆ?

ಎರಡು ತಿಂಗಳಾಗುವಷ್ಟರಲ್ಲಿ ಹೆಬ್ಬೆರಳು ಮತ್ತೆ ಊದಿಕೊಂಡಿತು. ಸೋಮವಾರ ಡಾಕ್ಟರು ರಕ್ತದ ರಿಪೋರ್ಟ್ ನೋಡಿದರು. ಯೂರಿಕ್ ಆಸಿಡ್ ಒಂಚೂರೂ ಇಳಿದಿರಲಿಲ್ಲ. ಆಮೇಲೆ ನನ್ನ ಮೊಬೈಲ್ ನೋಡಿದರು. ಎಲ್ಲಾ ಹಸಿರು.

"ಒಂದು ದಿನಾನೂ ತಪ್ಪಿಲ್ಲಲ್ರಿ ಸರ. ನಿಮ್ಮಂಥ ಪೇಷಂಟ್ ಸಿಗೂದು ಅಪರೂಪ."

ನಾನು ನಾಚಿಕೊಂಡೆ. ಅವರ ಹುಬ್ಬು ಮಾತ್ರ ಗಂಟಿಕ್ಕಿತು.

"ಇಷ್ಟು ತಗೊಂಡ್ರೂ ಇಳಿದಿಲ್ಲ ಅಂದ್ರ ಡೋಸ್ ಏರಿಸಬೇಕಾಗ್ತದ. ಹಿಂಗ ಬಿಟ್ರ ಕೀಲು ಕಾಯಂ ಕೆಟ್ಟು ಹೋಗ್ತದ. ಗುಳಿಗಿ ಖರೇನ ದಿನಾ ತಗೊಂಡೀರಿ?"

"ಹೌದ್ರಿ" ಎಂದೆ. ಅಭ್ಯಾಸಬಲ!

ಅವರು ಬರೆಯಲು ಪೆನ್ನು ತೆಗೆದರು. ನುಂಗದ ಗುಳಿಗೆ ಕೆಲಸ ಮಾಡಲಿಲ್ಲವೆಂದು ಇನ್ನಷ್ಟು ಗುಳಿಗೆ ಬರೆಯುತ್ತಿದ್ದಾರೆ! ಈಗಲಾದರೂ ಬಾಯಿ ಬಿಡಬೇಕಿತ್ತು. ಆದರೆ ಅಷ್ಟು ಹೊಗಳಿದವರ ಮುಂದೆ ಹೇಗೆ ಬಿಡುವುದು? ಕಾಲು ಹೋದರೂ ಚಿಂತೆಯಿಲ್ಲ, ಮಾನ ಉಳಿಯಲಿ ಎನ್ನುವಂತೆ ಕೂತಿದ್ದೆ.

ಹೆಂಡತಿ ವ್ಯಾನಿಟಿ ಬ್ಯಾಗ್ ತೆರೆದು ಗುಳಿಗೆಯ ಸ್ಟ್ರಿಪ್‌ಗಳನ್ನೆಲ್ಲಾ ಟೇಬಲ್ ಮೇಲೆ ಇಟ್ಟಳು. ಹೆಚ್ಚುಕಡಿಮೆ ತಂದ ಹಾಗೇ ಇದ್ದವು.

"ದಿನಾ ಮೊಬೈಲ್ ನುಂಗೇದ್ರಿ ಡಾಕ್ಟರ. ಇವ್ರು ನಾಕೇ ನಾಕ ನುಂಗ್ಯಾರ." ಅವಳ ಧ್ವನಿ ನಡುಗುತ್ತಿತ್ತು. ವಾರದಿಂದ ನನ್ನನ್ನು ಬಚ್ಚಲಿಗೆ ಹಿಡಿದುಕೊಂಡು ಹೋಗುತ್ತಿದ್ದವಳು ಅವಳು. ನನಗೆ ನಿಜವಾಗಿ ನಾಚಿಕೆಯಾದದ್ದು ಆಗ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಮೊದಲಿನ ಡೋಸೇ ಇರಲ್ರಿ. ಈ ಸಲ ಮೊಬೈಲಿಗೆ ಬ್ಯಾಡ, ಬಾಯಾಗ ಹಾಕ್ಕೊಳ್ರಿ."

ಆ ಆಪ್ ಈಗ ಹೆಂಡತಿಯ ಮೊಬೈಲಿನಲ್ಲಿದೆ. ಒಂಬತ್ತಕ್ಕೆ ಅದು ಕೇಳುತ್ತದೆ. ಅವಳು ಕೇಳುವುದಿಲ್ಲ. ನೀರಿನ ಲೋಟ ಹಿಡಿದು ನಿಲ್ಲುತ್ತಾಳೆ, ನಾನು ನುಂಗಿ ಬಾಯಿ ತೆರೆದು ತೋರಿಸಿದ ಮೇಲೆಯೇ ಟಿಕ್.

ನಾನು ಸುಧಾರಿಸಿದೆ ಎಂದುಕೊಂಡಿದ್ದೆ. ನಿನ್ನೆ ಗೋಡೆ ಹಿಡಿದು ಕುಂಟುತ್ತಾ ಓಣಿಯಲ್ಲಿ ಹೋಗುತ್ತಿದ್ದೆ. ಮೂಲೆಯ ಗ್ಯಾರೇಜಿನ ರಫೀಕ್ ಕೆಲಸ ಬಿಟ್ಟು ಎದ್ದು ಬಂದ.

"ಕಾಲು ಹೆಂಗೈತ್ರಿ ಸರ?"

ಹಲ್ಲು ಕಚ್ಚಿ ಹೇಳಿದೆ, "ಏಕದಂ ಆರಾಮ್ ಅದಪಾ."