ಭಂಡಾರಕ್ಕೆ ನಿಲ್ಲದ ರಕ್ತ

ಅಪ್ಪನ ಕುತ್ತಿಗೆಯ ವಿಷಯ ಬಂದಾಗಲೆಲ್ಲ ನನಗೆ ಕಾಕಾನ ಮೇಲೆ ಹೇಸಿಗೆ ಬರುತ್ತದೆ. ಆಮೇಲೆ ನನ್ನ ಮೇಲೆ.

ಚಿಕ್ಕಪಡಸಲಗಿಯ ಬ್ಯಾರೇಜಿನ ಹತ್ತಿರ ನಮ್ಮ ಕುರಿಹಟ್ಟಿ. ಅಪ್ಪ ಬೀರೇಶ್ವರನ ಗುಡಿಯಲ್ಲಿ ಡೊಳ್ಳಿನ ಪದ ಹಾಡುವವನು. ಒಂದು ದಿನ ಹಾಡುತ್ತಿರುವಾಗಲೇ ಬಲಗೈ ಸೋತು, ನಾಲಿಗೆ ತೊದಲಿ, ಸ್ವಲ್ಪ ಹೊತ್ತಿಗೆ ಸರಿಹೋಯಿತು. ಮೆದುಳಿಗೆ ಹೋಗುವ ಕುತ್ತಿಗೆಯ ರಕ್ತನಾಳ ಒಳಗೆ ಕಟ್ಟಿಕೊಂಡಿದೆ, ದೊಡ್ಡ ಲಕ್ವ ಹೊಡೆಯುವ ಮೊದಲೇ ಸರಿಮಾಡಬೇಕು ಎಂದರು ಬೆಳಗಾವಿಯ ಡಾಕ್ಟರು. ಕುತ್ತಿಗೆ ಕೊಯ್ದು ನಾಳದ ಕಸ ತೆಗೆಯಬೇಕು. ಇಲ್ಲವೇ ತೊಡೆಯಿಂದ ತಂತಿ ಹಾಯಿಸಿ ಅಲ್ಲಿ ಜಾಳಿಗೆಯಂಥ ಸ್ಟೆಂಟ್ ಕೂರಿಸಬೇಕು. ಈ ವಯಸ್ಸಿಗೆ ಕೊಯ್ಯುವುದೇ ಮೇಲು, ಆದರೆ ದನಿ ಒಡೆಯುವ ಸಣ್ಣ ಭಯವಿದೆ ಎಂದು ಬಿಡಿಸಿ ಹೇಳಿದರು.

"ದನಿ ಹೋದರ ನಾ ಇದ್ದೇನ ಮಾಡ್ಲಿರಿ?" ಎಂದ ಅಪ್ಪ.

ಸ್ಟೆಂಟ್ ಹಾಕಿದರು. ಅದರಲ್ಲಿ ರಕ್ತ ಹೆಪ್ಪುಗಟ್ಟದಿರಲು ಎರಡು ಗುಳಿಗೆ, ಒಂದು ದಿನವೂ ತಪ್ಪಬಾರದು ಎಂದು ನನ್ನ ಕೈಗೇ ಕೊಟ್ಟರು.

ಮೂರನೆಯ ವಾರ, ಕುರಿಗಳನ್ನು ಹೊಳೆಯಲ್ಲಿ ಮೈತೊಳೆಸಿ ಉಣ್ಣೆ ಕತ್ತರಿಸಲು ಕೂತೆವು. ಬೇಡವೆಂದರೂ ಕೇಳದೆ ಕತ್ತರಿ ಹಿಡಿದ ಅಪ್ಪ ಹೆಬ್ಬೆರಳು ಕೊಯ್ದುಕೊಂಡ. ನಮ್ಮಲ್ಲಿ ಯಾವ ಗಾಯಕ್ಕೂ ಭಂಡಾರ, ಅಂದರೆ ಗುಡಿಯ ಅರಿಶಿನ, ಒತ್ತಿದರೆ ಮುಗಿಯಿತು. ಅವತ್ತು ಹಳದಿಯೆಲ್ಲ ತೊಯ್ದು ಕೆಂಪಾಯಿತು. ಗುಳಿಗೆಯಿಂದ ಹೀಗಾಗುತ್ತದೆ, ಬಿಗಿಯಾಗಿ ಒತ್ತಿ ಹಿಡಿಯಿರಿ ಎಂದು ಡಾಕ್ಟರು ಮೊದಲೇ ಹೇಳಿದ್ದು ನನಗೆ ನೆನಪಿತ್ತು. ಅಷ್ಟರಲ್ಲಿ ಅಪ್ಪನ ತಮ್ಮ ಕಾಕಾ ಬಾಯಿತುಂಬ ಇದ್ದ ತಂಬಾಕನ್ನು ನನ್ನ ಕಾಲಬುಡಕ್ಕೇ ಉಗಿದು ತೀರ್ಪು ಕೊಟ್ಟ: "ಭಂಡಾರಕ್ಕ ರಕ್ತ ನಿಲ್ಲವಲ್ದು ಅಂದ್ರ ದೇವರಿಗಿ ಆ ಗುಳಿಗಿ ಬ್ಯಾಡಾಗೈತಿ. ಬಂದ್ ಮಾಡಲೇ."

ಕೂತವರೆಲ್ಲ ತಲೆಯಾಡಿಸಿದರು. ಅಪ್ಪ ಮಾತ್ರ ನನ್ನ ಮುಖ ನೋಡಿ, "ಸಾಲಿ ಕಲ್ತಾಂವ ನೀ, ನೀ ಏನಂತಿಯಪಾ?" ಎಂದ.

"ಬಿಡೂಣು" ಎಂದೆ. ಥೂ, ನನ್ನ ಓದಿಗಿಷ್ಟು.

ಗುಳಿಗೆ ಬಿಟ್ಟ ನಾಲ್ಕನೆಯ ದಿನ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿತು. ಅಪ್ಪನ ಜೀವ ಉಳಿಯಿತು, ಆದರೆ ಬಲಗಡೆಯ ಕೈಕಾಲು, ಮಾತು, ಪದ ಎಲ್ಲ ಹೋದವು.

ಕಾಕಾ ನೋಡಲು ಬಂದ. ಹಾಸಿಗೆಯ ಪಕ್ಕ ಕೂತು ಬಸಿಯಲ್ಲಿ ಸೊರ್ರನೆ ಚಹಾ ಹೀರುತ್ತ, ಅವತ್ತೇ ಕುತ್ತಿಗೆ ಕೊಯ್ಸಬೇಕಿತ್ತು ಎಂದ. ಹೋಗುವಾಗ ಅಪ್ಪನ ಹಣೆಗೆ ಭಂಡಾರ ಬಳಿದ.

ಈಗ ದಿನಾ ಬೆಳಿಗ್ಗೆ ಗುಳಿಗೆ ತಿನ್ನಿಸುವವನು ನಾನೇ. ಬಾಯಿ ತೆರೆಯುವ ಮೊದಲು ಅಪ್ಪ ನನ್ನ ಮುಖ ನೋಡುತ್ತಾನೆ, ಅವತ್ತು ಕೇಳುವಾಗ ನೋಡಿದ ಹಾಗೆಯೇ. ನೀರು ತರುವ ನೆಪದಲ್ಲಿ ನಾನು ಎದ್ದು ಹೋಗುತ್ತೇನೆ.