ಸುಣ್ಣದ ಗೆರೆ

ಮಾನ್ವಿಯ ಹೈಸ್ಕೂಲಿನಲ್ಲಿ ನನ್ನ ಜೊತೆ ಪಾಠ ಹೇಳುತ್ತಿದ್ದ ವಿಜ್ಞಾನದ ಮಾಸ್ತರು ಮಾತಿನ ನಡುವೆ ದೀರ್ಘವಾಗಿ ಉಸಿರೆಳೆದು ಹಿಡಿದಿಟ್ಟುಕೊಳ್ಳುತ್ತಿದ್ದರು. ಗಾಳಿ ನುಂಗುತ್ತ ರನ್‌ವೇ ಮೇಲೆ ಓಡಿ ಅಂತರಿಕ್ಷಕ್ಕೇ ಏರುವ ವಿಮಾನದ ಬಗ್ಗೆ ಯಾವುದೋ ಪತ್ರಿಕೆಯಲ್ಲಿ ಓದಿದ್ದರು.

"ಅಷ್ಟು ಇಂಧನ ಹೊತ್ತು ಓಡೂದಕ್ಕ ಒಂದು ಗೆರಿ ಇರ್ತದರಿ. ಅದು ದಾಟಿದ ಮ್ಯಾಲ ಎಂಜಿನ್ ಕೆಟ್ರೂ ನಿಲ್ಲಾಕ ಬರೂದಿಲ್ಲ, ರನ್‌ವೇ ಸಾಲೂದಿಲ್ಲ, ಏರಬೇಕಷ್ಟ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಕವಿತಾಳದ ದಾರಿಯಲ್ಲಿ ಸೈಕಲ್ಲಿಗೆ ಮರಳಿನ ಚೀಲ ಕಟ್ಟಿ ಜೋರಾಗಿ ಓಡಿಸಿದರು. ಎಲ್ಲಿ ಬ್ರೇಕ್ ಹಿಡಿದರೆ ಹಳ್ಳದ ಸೇತುವೆಗಿಂತ ಮುಂಚೆ ಸೈಕಲ್ ನಿಲ್ಲುವುದಿಲ್ಲವೋ, ಅಲ್ಲಿ ಸುಣ್ಣದ ಗೆರೆ ಎಳೆದರು. ಹತ್ತಿ ಬಂಡಿಯವರು ಅದನ್ನು ಮಾಟವೆಂದು ತಿಳಿದರು. ಗೆರೆ ದಾಟಿದವರು ಸೇತುವೆಯ ತನಕ ಬಂಡಿ ನಿಲ್ಲಿಸುತ್ತಿರಲಿಲ್ಲ. ನಾನು ಇದನ್ನು ಹೇಳಿದರೆ ಮಾಸ್ತರು ನಗಲಿಲ್ಲ.

"ಅವರಿಗೆ ಅರ್ಥ ಆಗೇದರಿ" ಎಂದರು.

ಅವರು ತೀರಿಕೊಂಡ ಎರಡು ವರ್ಷಕ್ಕೆ ಅದೇ ದಾರಿಯಲ್ಲಿ ಸೈಕಲ್ ಮೇಲೆ ಹೊರಟಿದ್ದೆ. ಸುಣ್ಣ ಇನ್ನೂ ಹಸಿಯಾಗಿತ್ತು. ಗೆರೆಯ ಈಚೆ ಬೇವಿನಡಿ ಬಂಡಿ ಬಿಟ್ಟಿದ್ದ ಮುದುಕನನ್ನು, ಇದನ್ನು ಎಳೆದವರು ಯಾರೆಂದು ಕೇಳಿದೆ.

"ನಾವಲ್ರಿ ಸರ. ನಾವು ದಾಟಿ ಹೋಗೂದಷ್ಟ."

ಗೆರೆ ದಾಟಿದೆ. ಬೆನ್ನ ಹಿಂದೆಯೇ ಯಾರೋ ದೀರ್ಘವಾಗಿ ಉಸಿರೆಳೆದರು, ಬಿಡಲಿಲ್ಲ. ಬೆರಳು ಬ್ರೇಕಿನ ಮೇಲೇ ಇದ್ದವು. ಸೇತುವೆ ದಾಟುವ ತನಕ ಒತ್ತಲಿಲ್ಲ.